ದವಡೆ ಹಲ್ಲಿನ ನಾಲ್ಕನೇ ನಾಳ

ಮೇಲ್ದವಡೆಯ ಮೊದಲ ದವಡೆ ಹಲ್ಲಿಗೆ ಸಾಮಾನ್ಯವಾಗಿ ಬೇರು ಮೂರು. ಒಳಗಿನ ನಾಳಗಳು ಮಾತ್ರ ಎಷ್ಟೋ ಸಲ ನಾಲ್ಕು. ಕೆನ್ನೆ ಕಡೆಯ ಮುಂದಿನ ಬೇರಿನಲ್ಲಿ ಅಡಗಿರುವ ಆ ಸಪೂರ ನಾಲ್ಕನೇ ನಾಳಕ್ಕೆ ದಂತವೈದ್ಯರು ಇಟ್ಟ ಹೆಸರು ಎಂಬಿ-2.

ಜ್ಯೂರಿಚ್‌ನ ದಂತವೈದ್ಯ ವಾಲ್ಟರ್ ಹೆಸ್ ಕಳೆದ ಶತಮಾನದ ಆರಂಭದಲ್ಲಿ, ಕಿತ್ತ ಹಲ್ಲುಗಳೊಳಗೆ ರಬ್ಬರ್ ತುಂಬಿ, ಹಲ್ಲನ್ನೇ ಕರಗಿಸಿ, ನಾಳಗಳ ಅಚ್ಚನ್ನಷ್ಟೇ ಉಳಿಸಿಕೊಂಡರು. ಕವಲೊಡೆದು, ಮತ್ತೆ ಕೂಡಿ, ತುದಿಯಲ್ಲಿ ಬಲೆಯಾಗಿ ಹರಡಿದ ಆ ಅಚ್ಚುಗಳು ನನ್ನ ಕಣ್ಣಿಗಂತೂ ಶಿಲ್ಪಗಳೇ!

ಚೆಲುವು ಹಾಗಿರಲಿ, ರೂಟ್ ಕೆನಾಲ್ ಚಿಕಿತ್ಸೆಯಲ್ಲಿ ಒಂದು ನಾಳ ತಪ್ಪಿದರೂ ಒಳಗುಳಿದ ಬ್ಯಾಕ್ಟೀರಿಯಾ ಬೇರಿನ ತುದಿಯಲ್ಲಿ ಮತ್ತೆ ಕೀವು ಕಟ್ಟಿಸಬಹುದು. ಮೇಲಿನ ಕ್ಯಾಪ್ ಎಷ್ಟು ಹೊಳೆದರೇನು? ನೇರ ಎಕ್ಸ್‌ರೇಯಲ್ಲಿ ಎರಡು ನಾಳಗಳು ಒಂದರ ಮೇಲೊಂದು ಬಿದ್ದು ಒಂದೇ ಎನಿಸುತ್ತವೆ. ಹಾಗಾಗಿ ಡಾಕ್ಟರು ಓರೆಯಾಗಿ ಇನ್ನೊಂದು ಎಕ್ಸ್‌ರೇ ತೆಗೆದರೆ, ಮೈಕ್ರೋಸ್ಕೋಪ್ ಹಿಡಿದು ಹೊತ್ತು ಕಳೆದರೆ ಗೊಣಗಬೇಡಿ. ಬಾಯಿ ತೆರೆದೇ ಇರಿ.