ರಾಮಾನಂದ ತೀರ್ಥರೂ ಹೈದರಾಬಾದಿನ ವಿಭಜನೆಯೂ

ಸೆಪ್ಟೆಂಬರ್ 17ರಂದು ಸ್ವಾಮಿ ರಾಮಾನಂದ ತೀರ್ಥರ ಹೆಸರು ಕಲಬುರಗಿಯಲ್ಲಿಯೂ ನಾಂದೇಡದಲ್ಲಿಯೂ ಹೈದರಾಬಾದಿನಲ್ಲಿಯೂ ಕೇಳಿಬರುತ್ತದೆ. ಎಲ್ಲೆಡೆಯ ಸ್ತುತಿಯೂ ಒಂದೇ ಬಗೆಯದು: ನಿಜಾಮನ ಆಳಿಕೆಯ ವಿರುದ್ಧ ನಡೆದ ಹೋರಾಟದ ನಾಯಕರು, ವಿರಕ್ತರು, ಪದವಿಯನ್ನು ಬಯಸದವರು. ಇವೆಲ್ಲವೂ ನಿಜ. ಆದರೆ 1948ರಲ್ಲಿ ಮುಕ್ತವಾದ ರಾಜ್ಯವನ್ನು ಭಾಷಾನುಸಾರವಾಗಿ ವಿಭಾಗಿಸಬೇಕೆಂದು ವಾದಿಸಿದವರಲ್ಲಿಯೂ ಅವರೇ ಅಗ್ರಗಣ್ಯರೆಂಬುದನ್ನು ಸ್ತುತಿಕಾರರು ಒಂದು ವಾಕ್ಯದಲ್ಲಿ ದಾಟಿಬಿಡುತ್ತಾರೆ. ಈ ನಗರದ ಕನ್ನಡಿಗರಾದ ನಮಗೆ ಆ ವಾಕ್ಯವೇ ಮುಖ್ಯವಾದುದು.

ಸ್ವಾಮೀಜಿಯವರ ಪೂರ್ವಾಶ್ರಮದ ಹೆಸರು ವ್ಯಂಕಟೇಶ ಭಗವಾನರಾವ್ ಖೇಡಗೀಕರ. ಹುಟ್ಟಿದುದು 1903ರಲ್ಲಿ, ವಿಜಾಪುರ ಜಿಲ್ಲೆಯ ಸಿಂದಗಿಯಲ್ಲಿ. ಓದಿದುದು ಸೊಲ್ಲಾಪುರ, ಅಮಳನೇರ ಮತ್ತು ಪುಣೆಗಳಲ್ಲಿ. ಕಾರ್ಮಿಕ ಮುಖಂಡ ಎನ್. ಎಂ. ಜೋಶಿಯವರೊಡನೆ ಕೆಲಸಮಾಡಿ, ಅನಂತರ ಮರಾಠವಾಡದ ಹಿಪ್ಪರಗಿ, ಮೋಮಿನಾಬಾದುಗಳಲ್ಲಿ ಶಿಕ್ಷಕರಾದರು. 1938ರ ಸತ್ಯಾಗ್ರಹ, ಸೆರೆವಾಸ, 1946ರಲ್ಲಿ ನಿಷೇಧ ತೆರವಾದ ಸ್ಟೇಟ್ ಕಾಂಗ್ರೆಸಿನ ಅಧ್ಯಕ್ಷತೆ, 1947ರ ಆಗಸ್ಟಿನ ಬಂಧನ, ಇವು ವಾಚಕರಿಗೆ ತಿಳಿದ ವಿಷಯಗಳು. 1967ರಲ್ಲಿ ಮುಂಬಯಿಯಿಂದ ಪ್ರಕಟವಾದ ಇಂಗ್ಲಿಷ್ ಗ್ರಂಥಕ್ಕೆ ಅವರು ಕೊಟ್ಟ ಹೆಸರು ಹೈದರಾಬಾದಿನ ಸ್ವಾತಂತ್ರ್ಯ ಹೋರಾಟದ ಸ್ಮೃತಿಗಳೆಂದು. ತಮ್ಮ ಬಾಳಿನ ಕಥೆಯೆಂದು ಹೇಳಿಕೊಳ್ಳುವುದು ಅವರಿಗೆ ಹಿಡಿಸಲಿಲ್ಲವೆಂದು ತೋರುತ್ತದೆ.

ನಿಜಾಂ ಸಂಸ್ಥಾನದಲ್ಲಿ ಎಂಟು ತೆಲುಗು, ಐದು ಮರಾಠಿ ಮತ್ತು ಮೂರು ಕನ್ನಡ ಜಿಲ್ಲೆಗಳಿದ್ದವು. ಕಚೇರಿಯ ಭಾಷೆ ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಬೋಧನಭಾಷೆಯೂ ಅದೇ. ರಾಜಕೀಯ ಸಭೆಗೆ ಅನುಮತಿ ದೊರೆಯುವುದು ದುರ್ಲಭವಾಗಿದ್ದ ಕಾಲದಲ್ಲಿ ಆಂಧ್ರ ಮಹಾಸಭೆ, ಮಹಾರಾಷ್ಟ್ರ ಪರಿಷತ್ತು, ನಿಜಾಂ ಕರ್ನಾಟಕ ಪರಿಷತ್ತುಗಳೇ ಜನರ ಬಾಯಾದವು. ಆದುದರಿಂದ ಈ ರಾಜ್ಯದಲ್ಲಿ ಪ್ರಜಾಪ್ರಭುತ್ವದ ಕೂಗು ಮೊದಲಿನಿಂದಲೂ ಭಾಷೆಯ ಕೂಗಿನೊಡನೆ ಬೆಸೆದುಕೊಂಡೇ ಬಂದಿತು. ಅರಸನು ಹೋದರೂ ಅರಸನು ಕಟ್ಟಿದ ರಾಜ್ಯ ಹಾಗೆಯೇ ಉಳಿದರೆ ಬಿಡುಗಡೆ ಅರ್ಧವೇ ಆಯಿತೆಂಬುದು ಸ್ವಾಮೀಜಿಯವರ ವಾದದ ತಿರುಳು. ಹಲವು ಭಾಷೆಗಳ ಜನರು ಕೂಡಿ ಬಾಳುತ್ತಿದ್ದ ಹೈದರಾಬಾದನ್ನು ಒಡೆಯುವುದಕ್ಕೆ ಪ್ರಧಾನಿ ನೆಹರೂ ಅವರಿಗೆ ಬಹುಕಾಲ ಮನಸ್ಸಿರಲಿಲ್ಲ. ತಮ್ಮ ಪಕ್ಷದ ಅಂಥ ನಾಯಕನ ಒಲವಿಗೆ ಎದುರಾಗಿ ಸಂನ್ಯಾಸಿಯೊಬ್ಬರು ನಿಂತುದನ್ನು ಒಡಕಿನ ಬುದ್ಧಿಯೆಂದು ಕರೆಯುವವರು ಅವರ ಜೀವನವನ್ನು ಸರಿಯಾಗಿ ಗಮನಿಸಿಲ್ಲ. 1952ರಲ್ಲಿ ಕನ್ನಡದ ಗುಲ್ಬರ್ಗ ಅವರನ್ನು ಲೋಕಸಭೆಗೆ ಕಳುಹಿಸಿತು. 1957ರಲ್ಲಿ ಮರಾಠಿಯ ಔರಂಗಾಬಾದು. 1972ರಲ್ಲಿ ಅವರು ತೀರಿಕೊಂಡುದು ಇದೇ ಹೈದರಾಬಾದಿನಲ್ಲಿ. ಯಾವ ಒಂದು ಭಾಷೆಯ ಪಕ್ಷಪಾತವನ್ನೂ ಅವರ ಮೇಲೆ ಹೊರಿಸಲಾಗದು.

ಆದರೂ ಒಂದು ಕೊರತೆಯನ್ನು ಹೇಳದೆ ವಿಧಿಯಿಲ್ಲ. ಉಪ್ಪಲಿನಂಥ ಬಡಾವಣೆಯ ಮನೆಸಾಲದ ಅರ್ಜಿಯೊಡನೆ ಬ್ಯಾಂಕಿನ ಮೇಜಿಗೆ ಹಳೆಯ ವಿಭಾಗಪತ್ರಗಳು ಬರುತ್ತವೆ. ಹೊಲಗಳ ಹಂಚಿಕೆಯನ್ನು ಬರೆದವರು ಅದನ್ನು ಅಚ್ಚುಕಟ್ಟಾಗಿಯೇ ಬರೆದಿರುತ್ತಾರೆ. ತಕರಾರು ಹುಟ್ಟುವುದು ಬಾವಿಯ ವಿಷಯದಲ್ಲಿ, ಓಡಾಡುವ ದಾರಿಯ ವಿಷಯದಲ್ಲಿ. 1956ರ ವಿಭಾಗದಲ್ಲಿ ಬಾವಿಯಂತಿದ್ದುದು ಹೈದರಾಬಾದು ನಗರ. ಬೀದರ, ರಾಯಚೂರು, ಗುಲ್ಬರ್ಗಗಳ ಜನರಿಗೆ ಉಚ್ಚ ನ್ಯಾಯಾಲಯ, ವಿಶ್ವವಿದ್ಯಾನಿಲಯ, ದೊಡ್ಡ ಆಸ್ಪತ್ರೆ, ಪೇಟೆ ಎಲ್ಲವೂ ಇಲ್ಲಿದ್ದವು. ಆ ವರ್ಷದ ನವೆಂಬರ್ 1ರಂದು ರಾಜಧಾನಿ ಬೆಂಗಳೂರಾಯಿತು. ಕಲಬುರಗಿಗೆ ಇನ್ನೂರು ಚಿಲ್ಲರೆ ಕಿಲೋಮೀಟರಿನಲ್ಲಿದ್ದ ನ್ಯಾಯಾಲಯ ಅದರ ಎರಡೂವರೆ ಪಟ್ಟು ದೂರ ಸರಿಯಿತು. ಗುಲ್ಬರ್ಗ ವಿಶ್ವವಿದ್ಯಾನಿಲಯ ಸ್ಥಾಪನೆಯಾದುದು 1980ರಲ್ಲಿ. ಉಚ್ಚ ನ್ಯಾಯಾಲಯದ ಪೀಠ ಬಂದುದು 2008ರಲ್ಲಿ. ಈ ಜಿಲ್ಲೆಗಳಿಗೆಂದು 371(ಜೆ) ವಿಧಿಯನ್ನು ಸಂವಿಧಾನಕ್ಕೆ ಸೇರಿಸುವ ವೇಳೆಗೆ 2012 ಮುಗಿಯುತ್ತ ಬಂದಿದ್ದಿತು. ಅರ್ಧ ಶತಮಾನದ ಈ ಬಾಕಿಗೆ ಸ್ವಾಮೀಜಿಯವರೊಬ್ಬರನ್ನೇ ಹೊಣೆಮಾಡುವುದು ಅನ್ಯಾಯ. ಬೆಂಗಳೂರಿನಲ್ಲಿ ಆಳಿದವರ ಪಾಲೇ ಅದರಲ್ಲಿ ಹೆಚ್ಚಿನದು. ಆದರೆ ವಿಭಜನೆಯನ್ನು ಬಿಡುಗಡೆಯ ಪೂರ್ಣತೆಯೆಂದು ಬಗೆದವರು ಅದರ ವೆಚ್ಚವನ್ನು ಯಾರು ಭರಿಸಬೇಕೆಂಬುದನ್ನು ಸಾಕಷ್ಟು ವಿಚಾರಿಸಲಿಲ್ಲವೆಂದೇ ನನ್ನ ಅಭಿಪ್ರಾಯ.

ಈ ದೃಷ್ಟಿಯಿಂದ ನೋಡಿದರೆ ನಮ್ಮನ್ನು ನಾವು ಕರೆದುಕೊಳ್ಳುವ 'ವಲಸಿಗ'ರೆಂಬ ಪದವೂ ವಿಮರ್ಶೆಗೆ ಅರ್ಹವಾಗುತ್ತದೆ. ಉಪ್ಪಲ್, ಹಬ್ಸಿಗೂಡ, ತಾರ್ನಾಕಗಳಿಗೆ ಉದ್ಯೋಗನಿಮಿತ್ತ ಬಂದು ನೆಲೆಸಿದವರಿಗೆ ಅದು ಒಪ್ಪುತ್ತದೆ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರವನ್ನೂ ನೃಪತುಂಗ ಶಾಲೆಯನ್ನೂ ಬೆಳೆಸಿದ ಹಿರಿಯರ ತಲೆಮಾರಿಗೆ ಒಪ್ಪುವುದಿಲ್ಲ. ಅವರು ತಮ್ಮ ರಾಜ್ಯದ ರಾಜಧಾನಿಯಲ್ಲಿಯೇ ಇದ್ದವರು, ಇದ್ದಲ್ಲಿಯೇ ಹೊರನಾಡಿನವರಾದರು. ಇನ್ನು ಗುಲ್ಬರ್ಗ ಜಿಲ್ಲೆಯಿಂದ ತಾಂಡೂರು, ಕೊಡಂಗಲ್. ಬೀದರದಿಂದ ಜಹೀರಾಬಾದು, ನಾರಾಯಣಖೇಡ. ರಾಯಚೂರಿನಿಂದ ಗದ್ವಾಲ, ಆಲಂಪುರ ತೆಲುಗು ಸೀಮೆಗೆ ಸೇರಿದವು. ಅಲ್ಲಿಯ ಕನ್ನಡದ ಮನೆಗಳು ಈ ಎರಡು ವರ್ಗಗಳಲ್ಲಿ ಯಾವುದಕ್ಕೂ ಸೇರುವುದಿಲ್ಲ. ನಮ್ಮ ಸಂಘಗಳ ಸದಸ್ಯರ ಪಟ್ಟಿಯಲ್ಲಿಯೂ ಆ ಊರುಗಳ ಹೆಸರು ಕಾಣುವುದು ವಿರಳ.