ಪಟ್ಟಿಯೂ ಉಪಪತ್ತಿಯೂ: ಪೂರ್ಣಾಂಕ ಶ್ರೇಣಿಗಳ ಕೋಶವನ್ನು ಕುರಿತು ಒಂದು ವಿಮರ್ಶೆ

ನೀಲ್ ಸ್ಲೋನ್ ಅವರು ೧೯೬೪ರಲ್ಲಿ ಸಂಗ್ರಹಿಸತೊಡಗಿ ೧೯೭೩ರಲ್ಲಿ ಪ್ರಕಟಿಸಿದ ಪೂರ್ಣಾಂಕ ಶ್ರೇಣಿಗಳ ಕೈಪಿಡಿಯಲ್ಲಿ ೨೩೭೨ ಶ್ರೇಣಿಗಳಿದ್ದುವು. ಸೈಮನ್ ಪ್ಲೂಫ್ ಅವರೊಡಗೂಡಿ ೧೯೯೫ರಲ್ಲಿ ಹೊರತಂದ ಕೋಶದಲ್ಲಿ ಅವು ೫೪೮೮ ಆದುವು. ೧೯೯೬ರಿಂದ ಈ ಸಂಗ್ರಹವು ಅಂತರಜಾಲದಲ್ಲಿ ಬೆಳೆಯುತ್ತ ಬಂದಿದೆ. ನಿಘಂಟಿನಲ್ಲಿ ಪದಗಳನ್ನು ಅಕಾರಾದಿಯಾಗಿ ಜೋಡಿಸುವಂತೆ, ಮುದ್ರಿತ ಗ್ರಂಥಗಳೆರಡರಲ್ಲಿಯೂ ಶ್ರೇಣಿಗಳನ್ನು ಅವುಗಳ ಮೊದಲ ಪದಗಳ ಕ್ರಮದಲ್ಲಿ ಇರಿಸಿದೆ. ಈ ಏರ್ಪಾಡಿನ ಉಪಯೋಗ ನಿರ್ವಿವಾದವಾದುದು. ಆದರೆ ವಿದ್ಯಾರ್ಥಿಯು ಇದನ್ನು ಹೇಗೆ ಬಳಸಬೇಕೆಂಬುದು ವಿಚಾರಾರ್ಹವಾಗಿದೆ.

ಒಂದು ನಿದರ್ಶನವನ್ನು ತೆಗೆದುಕೊಳ್ಳೋಣ. ೧, ೩, ೬, ೧೦, ೧೫ ಮುಂತಾದುವು ತ್ರಿಕೋನ ಸಂಖ್ಯೆಗಳು. ಭಾಸ್ಕರಾಚಾರ್ಯನ ‘ಲೀಲಾವತಿ’ಯಲ್ಲಿ ಇವಕ್ಕೆ ‘ಸಂಕಲಿತ’ವೆಂದು ಹೆಸರು. ಸೊನ್ನೆಯನ್ನೂ ಇವುಗಳಲ್ಲಿ ಸೇರಿಸಿಕೊಂಡು, ಒಂದು ಸಂಖ್ಯೆಯನ್ನು ಎರಡು ತ್ರಿಕೋನ ಸಂಖ್ಯೆಗಳ ಅಂತರವಾಗಿ ಎಷ್ಟು ಬಗೆಯಲ್ಲಿ ಬರೆಯಬಹುದೆಂದು ಎಣಿಸಿದರೆ, ೧ರಿಂದ ೮ರವರೆಗೆ ೧, ೧, ೨, ೧, ೨, ೨, ೨, ೧ ಎಂಬ ಶ್ರೇಣಿ ದೊರೆಯುತ್ತದೆ. ಇಷ್ಟನ್ನೇ ಕಂಡವನು ಎರಡಕ್ಕಿಂತ ಹೆಚ್ಚು ಬಗೆಗಳಿಲ್ಲವೆಂದು ನಿರ್ಣಯಿಸಬಹುದು. ಒಂಬತ್ತನೆಯ ಪದವೇ ಆ ನಿರ್ಣಯವನ್ನು ಸುಳ್ಳಾಗಿಸುತ್ತದೆ: ೪೫−೩೬, ೧೫−೬, ೧೦−೧ ಎಂದು ಅಲ್ಲಿ ಮೂರು ಬಗೆಗಳುಂಟು.

ಕೋಶವನ್ನು ನೋಡಿದವನಿಗೆ ಇದು ಬೆಸ ಭಾಜಕಗಳ ಎಣಿಕೆಯೆಂದು ತಿಳಿದೀತು, ಏಕೆಂಬುದು ತಿಳಿಯದು. ಕಾರಣವಾದರೋ ಸರಳವಾದುದು. ‘ಮ’ನೆಯ ತ್ರಿಕೋನ ಸಂಖ್ಯೆಯಿಂದ ಅದಕ್ಕಿಂತ ಕಿರಿದಾದ ‘ನ’ನೆಯದನ್ನು ಕಳೆದರೆ, ಬಂದ ಅಂತರದ ಇಮ್ಮಡಿಯು (ಮ−ನ)(ಮ+ನ+೧) ಎಂಬ ಗುಣಲಬ್ಧ. ಈ ಎರಡು ಅಪವರ್ತನಗಳ ಮೊತ್ತ ೨ಮ+೧, ಅದು ಬೆಸ. ಆದುದರಿಂದ ಒಂದು ಅಪವರ್ತನ ಬೆಸ, ಇನ್ನೊಂದು ಸಮ. ಮರಳಿ, ಕೊಟ್ಟ ಸಂಖ್ಯೆಯ ಬೆಸ ಭಾಜಕ ಒಂದೊಂದನ್ನೂ ಹಿಡಿದು ಇಮ್ಮಡಿಯನ್ನು ಭಾಗಿಸಿದರೆ ಇಂಥ ಜೋಡಿ ಒಂದೊಂದು ಸಿಗುತ್ತದೆ. ಕಿರಿಯದನ್ನು ಮ−ನ ಎಂದೂ ಹಿರಿಯದನ್ನು ಮ+ನ+೧ ಎಂದೂ ಇಟ್ಟರೆ ಒಂದೇ ಒಂದು ಬಗೆ ನಿಶ್ಚಿತವಾಗುತ್ತದೆ. ೧೫ಕ್ಕೆ ೧, ೩, ೫, ೧೫ ಎಂದು ನಾಲ್ಕು ಬೆಸ ಭಾಜಕಗಳು, ನಾಲ್ಕು ಬಗೆಗಳು. ೧೬ಕ್ಕೆ ೧೩೬−೧೨೦ ಎಂಬುದೊಂದೇ.

ಈ ಉಪಪತ್ತಿಯ ಫಲ ಇಲ್ಲಿಗೇ ನಿಲ್ಲುವುದಿಲ್ಲ. ೦, ೧, ೩, ೬, ೧೦, ೧೫, ೨೧, ೨೮ ಇವನ್ನು ೮ರಿಂದ ಭಾಗಿಸಿದರೆ ಶೇಷಗಳು ೦, ೧, ೩, ೬, ೨, ೭, ೫, ೪, ಒಂದೂ ಮರುಕಳಿಸದು. ೬ರಿಂದ ಭಾಗಿಸುವಾಗ ಮೊದಲ ಆರರಲ್ಲಿಯೇ ೦ ಮತ್ತು ೬ ಒಂದೇ ಶೇಷವನ್ನು ಕೊಡುತ್ತವೆ. ಭಾಜಕವು ಎರಡರ ಘಾತವಾದಾಗ ಮಾತ್ರ ಶೇಷಗಳೆಲ್ಲ ಬೇರೆಬೇರೆಯಾಗುವುವೆಂಬುದನ್ನು ಅದೇ ಅಪವರ್ತನದಿಂದ ಸಾಧಿಸಬಹುದು. ಪಟ್ಟಿಯಲ್ಲಿ ದೂರದೂರವಿರುವ ಎರಡು ಸಂಗತಿಗಳ ಬಾಂಧವ್ಯವು ಹೀಗೆ ಉಪಪತ್ತಿಯಿಂದಲೇ ಗೋಚರಿಸುತ್ತದೆ.

ಇದು ಕೋಶಕಾರರ ದೋಷವಲ್ಲ. ನಿಘಂಟಿನಿಂದ ವ್ಯಾಕರಣವನ್ನು ಅಪೇಕ್ಷಿಸುವುದು ನ್ಯಾಯವಲ್ಲ. ಆದರೆ ಶ್ರೇಣಿಯ ಹೆಸರನ್ನು ಹುಡುಕಿ ಬರೆದುದನ್ನೇ ಉತ್ತರವೆಂದು ನಾವು ಅಧ್ಯಾಪಕರು ಒಪ್ಪಿಕೊಂಡರೆ, ಗಣಿತವನ್ನು ಕಲಿಸಿದಂತಾಗುವುದಿಲ್ಲ. ಕೋಶವನ್ನು ತೆರೆಯುವ ಮೊದಲು ವಿದ್ಯಾರ್ಥಿಯು ಒಂಬತ್ತನೆಯ ಪದವನ್ನು ತಾನೇ ಎಣಿಸಲಿ. ಮುಚ್ಚಿದ ಮೇಲೆ ಕಾರಣವನ್ನು ತಾನೇ ಬರೆಯಲಿ.