ದೆವ್ವವನ್ನು ಮಾತಾಡಿಸುವವರು ಯಾರು?

ಶಿವಮೊಗ್ಗ–ಶಿಕಾರಿಪುರ ದಾರಿಯ ಸವಳಂಗದಂಥ ಊರಲ್ಲೂ ಈಗ ನಾಲ್ಕು ಜನ ಗೆಳೆಯರು ಟೀ ಹಿಡಿದು ನಿಂತರೆ ಹಾರರ್ ಸಿನಿಮಾಗಳನ್ನು ಸ್ಲ್ಯಾಷರ್, ಫೌಂಡ್ ಫೂಟೇಜ್, ಫೋಕ್ ಹಾರರ್, ಹಾರರ್ ಕಾಮಿಡಿ ಎಂದು ಪಾಲು ಹಾಕುತ್ತಾರೆ. ಜಗತ್ತಿನ ದೆವ್ವಗಳೆಲ್ಲ ಮೊಬೈಲಿಗೆ ಬಂದಿಳಿದಿರುವಾಗ ಅದರಲ್ಲಿ ಆಶ್ಚರ್ಯವೇನಿಲ್ಲ. ಆದರೆ ಅದೇ ಚೀಟಿಗಳನ್ನು ಕನ್ನಡದ ಚಿತ್ರಗಳಿಗೆ ಅಂಟಿಸಲು ಹೋದ ಕೂಡಲೇ ಜಗಳ ಶುರು. ‘ಆಪ್ತಮಿತ್ರ’ ಹಾರರ್ರೇ ಅಲ್ಲ ಎಂದು ಒಬ್ಬ, ಅದಲ್ಲದಿದ್ದರೆ ಇನ್ಯಾವುದು ಎಂದು ಇನ್ನೊಬ್ಬ. ಇಬ್ಬರ ಅಳತೆಗೋಲೂ ಇಲ್ಲಿನದಲ್ಲ. ನಮ್ಮ ದೆವ್ವದ ಚಿತ್ರಗಳ ಕುಲ ತಿಳಿಯಬೇಕಾದರೆ ದೆವ್ವ ಎಂಥದ್ದು ಎಂದು ನೋಡಿ ಫಲವಿಲ್ಲ. ಅದನ್ನು ಯಾರು ಮಾತಾಡಿಸುತ್ತಾರೆ, ಯಾರ ಮಾತಿಗೆ ಅದು ಬಾಯಿ ಬಿಡುತ್ತದೆ ಎಂದು ನೋಡಬೇಕು ಎಂಬುದು ನನ್ನ ವಾದ.

ಯಾಕೆ ಅಂದರೆ, ಮೈಮೇಲೆ ಬಂದದ್ದನ್ನು ಬಿಡಿಸುವ ನಮ್ಮ ಹಳ್ಳಿಯ ಪದ್ಧತಿ ಮೂಲತಃ ಒಂದು ವಿಚಾರಣೆ. ಬೇವಿನ ಸೊಪ್ಪು ಹಿಡಿದು ಕೂತವನು ಕೇಳುವುದು ಇಷ್ಟೇ: ಯಾರು ನೀನು, ಯಾವ ಊರು, ಯಾಕೆ ಹಿಡಿದೆ, ಏನು ಕೊಟ್ಟರೆ ಬಿಡ್ತೀಯ? ನಮ್ಮ ಚಿತ್ರಕಥೆಗಳು ಈ ನಾಲ್ಕು ಪ್ರಶ್ನೆಗಳ ಮೇಲೇ ನಿಂತಿವೆ. ಇಂಟರ್‌ವಲ್ ಆದಮೇಲೆ ತಪ್ಪದೆ ಬರುವ ಫ್ಲ್ಯಾಷ್‌ಬ್ಯಾಕ್ ಬರೆಯುವವರ ಸೋಮಾರಿತನ ಎಂದು ವಿಮರ್ಶಕರು ಬಯ್ಯುತ್ತಾರೆ. ಎಷ್ಟೋ ಸಲ ಅದು ಸೋಮಾರಿತನವೇ ಹೌದು, ಆದರೆ ಅದರ ಬೇರು ‘ಯಾಕೆ ಹಿಡಿದೆ’ ಎಂಬ ಪ್ರಶ್ನೆಯಲ್ಲಿದೆ. 1979ರ ‘ನಾ ನಿನ್ನ ಬಿಡಲಾರೆ’ಯ ಹೆಸರೇ ಆ ವಿಚಾರಣೆಯಲ್ಲಿ ದೆವ್ವ ಕೊಟ್ಟ ಉತ್ತರದಂತಿದೆ. ಅದರಲ್ಲಿ ಹೆಣ್ಣುದೆವ್ವ ಮೆಟ್ಟಿಕೊಳ್ಳುವುದು ಗಂಡಸನ್ನು. ಅನಂತನಾಗ್ ಅವರ ನಡಿಗೆ, ಕತ್ತು ತಿರುಗಿಸುವ ಬಗೆ, ಕಣ್ಣಿನ ಬಿಗುವು, ಎಲ್ಲದರಲ್ಲೂ ಇನ್ನೊಬ್ಬಳು ಬಂದು ಕೂತಿರುತ್ತಾಳೆ. ಭಯ ಹುಟ್ಟುವುದು ಮೇಕಪ್ಪಿನಿಂದಲ್ಲ, ಪರಿಚಿತ ದೇಹದ ಈ ಅಪರಿಚಿತ ಚಲನೆಯಿಂದ. ಹೆಂಡತಿಯಾಗಿ ಲಕ್ಷ್ಮಿ ಮಾಡುವ ಹೋರಾಟ ಮಂತ್ರಾಲಯದ ರಾಯರ ಸನ್ನಿಧಿಯಲ್ಲಿ ಮುಗಿಯುತ್ತದೆ. ಅಂದರೆ ಇಲ್ಲಿ ವಿಚಾರಣಾಧಿಕಾರಿ ಗುರು. ಹಾಗಾಗಿ ಅದು ಭಕ್ತಿಚಿತ್ರದ ಖಾಸಾ ತಂಗಿ. ಎರಡೇ ವರ್ಷಕ್ಕೆ, 1981ರಲ್ಲಿ, ಅದು ‘ಮಂಗಲಸೂತ್ರ’ವಾಗಿ ಹಿಂದಿಗೂ ಹೋಯಿತು.

ಇಪ್ಪತ್ತೈದು ವರ್ಷ ಬಿಟ್ಟು ಬಂದ ‘ಆಪ್ತಮಿತ್ರ’ದಲ್ಲಿ (2004) ಪ್ರಶ್ನೆ ಕೇಳುವ ಕುರ್ಚಿಗೆ ಡಾಕ್ಟರು ಬಂದರು. ನಾಯಕಿ ಗಂಗಾಳ ಮೈಯಲ್ಲಿ ದೆವ್ವವಾದ ನಾಗವಲ್ಲಿ ಇಲ್ಲ, ಮನಸ್ಸಿನಲ್ಲಿದ್ದಾಳೆ ಎಂಬುದು ವಿಷ್ಣುವರ್ಧನ್ ಮಾಡಿದ ಮನೋವೈದ್ಯನ ನಿದಾನ. ಮಜಾ ಎಂದರೆ ಡಾಕ್ಟರು ಮಾಂತ್ರಿಕನನ್ನು ಓಡಿಸುವುದಿಲ್ಲ, ಪಕ್ಕಕ್ಕೆ ಕೂರಿಸಿಕೊಳ್ಳುತ್ತಾನೆ. ಅವಿನಾಶ್ ಪಾತ್ರದ ಆಚಾರ್ಯರು ಮಂಡಲ ಬರೆಯುತ್ತಾರೆ, ನಾಗವಲ್ಲಿಯನ್ನು ಮಾತಾಡಿಸುತ್ತಾರೆ, ಆಕೆ ಸೇಡು ಕೇಳುತ್ತಾಳೆ. ಕೊಡುವುದು ಮಾತ್ರ ಬೊಂಬೆ. ನಾಲ್ಕನೆಯ ಪ್ರಶ್ನೆಗೆ ಚಿಕಿತ್ಸೆಯ ವೇಷದಲ್ಲಿ ಉತ್ತರ ಸಿಕ್ಕಂತಾಯಿತು. ಆರು ವರ್ಷದ ನಂತರದ ‘ಆಪ್ತರಕ್ಷಕ’ದಲ್ಲಿ ಅದೇ ಡಾಕ್ಟರು ಇದ್ದರೂ ಚಿತ್ರ ಪಕ್ಷಾಂತರ ಮಾಡಿತು: ನಾಗವಲ್ಲಿಯ ಪಟವೇ ಕಂಡ ಮನೆಗೆಲ್ಲ ಕೇಡು ಹೊತ್ತೊಯ್ಯತೊಡಗಿತು. ನನಗೆ ಮೊದಲನೆಯದೇ ಹೆಚ್ಚು, ಏಕೆಂದರೆ ಅಲ್ಲಿ ಇಬ್ಬರು ವಿಚಾರಣಾಧಿಕಾರಿಗಳ ಜಗ್ಗಾಟ ಕೊನೆಯವರೆಗೂ ಬಿಗಿಯಾಗಿದೆ.

‘ಆಪ್ತಮಿತ್ರ’ ಮಲಯಾಳದ ಸರಕಲ್ಲವೇ ಎಂದು ಕೇಳುವವರಿದ್ದಾರೆ. ಹೌದು, ಫಾಜಿಲ್ ನಿರ್ದೇಶನದ ‘ಮಣಿಚಿತ್ರತಾಳ್’ (1993) ಮೂಲ. ಆದರೆ ಪಿ. ವಾಸು ಅದನ್ನು ಇಲ್ಲಿಗೆ ತಂದಾಗ ಪ್ರೇಕ್ಷಕರಿಗೆ ಏನನ್ನೂ ಬಿಡಿಸಿ ಹೇಳಬೇಕಾಗಲಿಲ್ಲ. ದೆವ್ವವನ್ನು ಮಾತಾಡಿಸುವ ರಿವಾಜು ಘಟ್ಟದ ಎರಡೂ ಕಡೆ ಒಂದೇ. ಸಾಲದ್ದಕ್ಕೆ ಸರಕು ಆಚೆಗೂ ಹೋಗಿದೆ. ಪವನ್ ಕುಮಾರ್ ಅವರ ‘ಯು ಟರ್ನ್’ (2016) ಮಲಯಾಳ, ತೆಲುಗು, ತಮಿಳು, ಹಿಂದಿ ದಾಟಿ ಫಿಲಿಪ್ಪೀನ್ಸಿನವರೆಗೂ ಹೋಯಿತು. ಅದರ ದೆವ್ವ ಹುಟ್ಟುವ ಜಾಗ ನೋಡಿ: ಬೆಂಗಳೂರಿನ ಡಬಲ್ ರೋಡ್ ಫ್ಲೈಓವರಿನ ನಡುವಿನ ಡಿವೈಡರ್ ಕಲ್ಲು. ಸುತ್ತಿ ಬರುವ ಸೋಮಾರಿತನಕ್ಕೆ ಬೈಕಿನವರು ಅದನ್ನು ಪಕ್ಕಕ್ಕೆ ಸರಿಸಿ ತಿರುಗಿಕೊಳ್ಳುತ್ತಾರೆ, ಸರಿಸಿದ ಕಲ್ಲು ರಸ್ತೆಯಲ್ಲೇ ಬಿದ್ದಿರುತ್ತದೆ, ಅದರಿಂದಾದ ಅಪಘಾತವೇ ದೆವ್ವವನ್ನು ಹುಟ್ಟಿಸುತ್ತದೆ. ಅಲ್ಲೇ ಕೂತ ನಿರ್ಗತಿಕನೊಬ್ಬ ಗಾಡಿ ನಂಬರ್ ಬರೆದುಕೊಳ್ಳುತ್ತಾನೆ. ಆ ನಂಬರಿನವರು ಸಾಯುತ್ತಾರೆ, ಇಬ್ಬರಂತೂ ಪೊಲೀಸರ ಕಣ್ಣೆದುರಿಗೆ ಲಾಕಪ್ಪಿನಲ್ಲೇ. ಇಲ್ಲಿ ಗುರುವಿಲ್ಲ, ವೈದ್ಯನಿಲ್ಲ, ಪ್ರಶ್ನೆ ಕೇಳುವವಳು ಪತ್ರಿಕೆಯ ತರಬೇತಿ ವರದಿಗಾರ್ತಿ. ಇನ್ನೂ ದೊಡ್ಡ ತಿರುವೆಂದರೆ ಅಸಲಿಗೆ ವಿಚಾರಣೆ ನಡೆಸುತ್ತಿರುವುದು ದೆವ್ವವೇ. ಯಾರು ಕಲ್ಲು ಸರಿಸಿದಿರಿ ಎಂದು ಅದು ಬದುಕಿರುವವರನ್ನು ಕೇಳುತ್ತದೆ.

ಹೆಚ್ಚು ತೂಕದ ಆಕ್ಷೇಪ ಬೇರೆ ಇದೆ. ದೆವ್ವಕ್ಕೆ ಹೆಸರು, ಊರು, ಅನ್ಯಾಯದ ಕಥೆ ಸಿಕ್ಕಿದ ಕೂಡಲೇ ಭಯ ಇಳಿದು ಕನಿಕರ ಹುಟ್ಟುತ್ತದೆ, ಕನಿಕರ ಹುಟ್ಟಿದ ಮೇಲೆ ಹಾರರ್ ಎಲ್ಲಿಯದು? ಇದನ್ನು ತಳ್ಳಿಹಾಕಲಾರೆ. ‘6-5=2’ (2013) ಇದಕ್ಕೆ ಸಾಕ್ಷಿ. ಚಾರಣಕ್ಕೆ ಹೋದ ಗೆಳೆಯರ ಕ್ಯಾಮೆರಾದಲ್ಲಿ ಸಿಕ್ಕಿದ್ದು ಎಂದು ತೋರಿಸುವ ಆ ಚಿತ್ರದ ದಾರಿ 1999ರ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ನಿಂದ ಬಂದದ್ದು. ಅಲ್ಲಿ ಕೂತು ಪ್ರಶ್ನೆ ಕೇಳುವವರೇ ಇಲ್ಲ, ಹಾಗಾಗಿಯೇ ಮೈ ಜುಮ್ಮೆನ್ನುತ್ತದೆ. ಆದರೆ ಎರಡನೆಯ ಸಲ ನೋಡಿದಾಗ ಅದರಲ್ಲಿ ಉಳಿಯುವುದು ಕಡಿಮೆ. ‘ನಾ ನಿನ್ನ ಬಿಡಲಾರೆ’ ಎಷ್ಟನೆಯ ಸಲಕ್ಕೂ ಕಾಡುತ್ತದೆ. ನಮ್ಮ ಕಡೆಯ ಹಾರರ್ ಭಯದ ಜೊತೆ ಒಂದು ಬಾಕಿಯನ್ನೂ ನೆನಪಿಸುತ್ತದೆ. ಕೆರೆಗೆ ಬಲಿಯಾದ ಭಾಗೀರಥಿಯ ಲಾವಣಿ ಕೇಳಿ ಬೆಳೆದ, ಹೊಲದ ಬದುವಿನಲ್ಲಿ ಮಾಸ್ತಿಗಲ್ಲು ಕಂಡ ಸೀಮೆಗೆ ಅದು ಬೇಗ ಅರ್ಥವಾಗುತ್ತದೆ. ಚನ್ನಗಿರಿಯ ಸೂಳೆಕೆರೆಯ ದಡದಲ್ಲಿ ನಿಂತು, ಅದನ್ನು ಕಟ್ಟಿಸಿದಳೆನ್ನುವ ಶಾಂತವ್ವನ ಕಥೆ ಹೇಳುವವರಿಗೆ ಇದನ್ನು ವಿವರಿಸಬೇಕಿಲ್ಲ. ಒಂದು ಎಚ್ಚರ ಮಾತ್ರ ಇರಲಿ: ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು 2017ರ ಮೌಢ್ಯ ನಿಷೇಧ ಕಾಯ್ದೆಯಡಿ ಅಪರಾಧ. ತೆರೆಯ ಮೇಲೆ ಹೆಂಗಸಿಗೆ ಬೀಳುವ ಏಟಿಗೆ ಈಗಲೂ ಸಿಳ್ಳೆ ಬೀಳುವುದನ್ನು ಮೆಚ್ಚುಗೆ ಎನ್ನಲಾರೆ.

ಆ ಸಿಳ್ಳೆಗೆ ತಕ್ಕ ಉತ್ತರ ಕೊಟ್ಟದ್ದು ಜೆ.ಪಿ. ತುಮಿನಾಡು ಅವರ ‘ಸು ಫ್ರಮ್ ಸೋ’ (2025). ಸೋಮೇಶ್ವರದ ಸುಲೋಚನಾ ಮೈಮೇಲೆ ಬಂದಳೆಂದು ಅಶೋಕ ನಟಿಸುತ್ತಾನೆ, ಇಡೀ ಊರೇ ವಿಚಾರಣೆಗೆ ಕೂರುತ್ತದೆ. ಗುರೂಜಿ ಬರುತ್ತಾನೆ, ನಗೆ ಏರುತ್ತದೆ, ಯಾರ ಪ್ರಶ್ನೆಗೂ ನಿಜವಾದ ಉತ್ತರವಿಲ್ಲ. ಆದರೂ ಸುಲೋಚನಾಳ ಮಗಳ ಕಷ್ಟ ಹೊರಬೀಳುವುದು ಆ ಸುಳ್ಳಿನಿಂದಲೇ. ಇದನ್ನು ಹಾರರ್ ಕಾಮಿಡಿ ಎಂದು ಪಕ್ಕಕ್ಕಿಟ್ಟರೆ ಅದರ ಅರ್ಧ ಕೈಬಿಟ್ಟಂತೆ. ಇನ್ನು ‘ರಂಗಿತರಂಗ’ (2015) ಹಾರರ್ರೋ ಅಲ್ಲವೋ ಎಂಬ ಜಗಳ. ಭೂತವೆಂದುಕೊಂಡದ್ದರ ಹಿಂದೆ ಮನುಷ್ಯನಿದ್ದಾನೆ, ಅವನನ್ನು ಯಾರೂ ಮಾತಾಡಿಸಿ ಬಿಡಿಸಬೇಕಿಲ್ಲ, ಹಿಡಿಯಬೇಕು. ‘ಗುಡ್ಡದ ಭೂತ’ ಧಾರಾವಾಹಿಯ ನೆನಪು ಎಷ್ಟೇ ಎಳೆದರೂ ನನ್ನ ಲೆಕ್ಕದಲ್ಲಿ ಅದು ಪತ್ತೇದಾರಿ ಚಿತ್ರ. ಒಪ್ಪದವರು ಇನ್ನೊಂದು ಟೀ ಹೇಳಿ ವಾದ ಮುಂದುವರಿಸಬಹುದು.